ಚಕ್ರದ ಮೀಟರಿನಿಂದ ಸ್ಮಾರ್ಟ್ ಪ್ಲಗ್‌ವರೆಗೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಈಗ ಬಿಲ್ ಬಂದ್ರ ಮೊದಲು ನೋಡೋದು ಯೂನಿಟ್. 2023ರ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ್ರ ಪೂರ್ತಿ ಬಿಲ್ ಕಟ್ಟಬೇಕಲ್ಲ! ಆದರೆ ಯೂನಿಟ್ ತಿಂದದ್ದು ಫ್ರಿಜ್ಜೋ, ಗೀಸರೋ? ಮೀಟರ್ ಹೇಳಂಗಿಲ್ಲ.

ಹಂಗೇರಿಯ ಓಟ್ಟೊ ಬ್ಲಾಥಿ 1889ರಲ್ಲಿ ಪೇಟೆಂಟ್ ಪಡೆದ ಮೀಟರ್ ನಮ್ಮ ಹಳೇ ಚಕ್ರದ ಮೀಟರಿನ ಪೂರ್ವಜ. ಅದು ಬರೆಯುತ್ತಿದ್ದುದು ಒಟ್ಟು ಮೊತ್ತ ಮಾತ್ರ. ಒಂದೆರಡು ಬಲ್ಬಿನ ಮನೆಗೆ ಅಷ್ಟು ಸಾಕಿತ್ತು. ಬಿಕಾಂ ಭಾಷೆಯಲ್ಲಿ ಹೇಳೋದಾದ್ರ, ವೋಚರ್ ಇಲ್ಲದ ಲೆಡ್ಜರ್.

ಸ್ಮಾರ್ಟ್ ಪ್ಲಗ್ ಆ ವೋಚರ್ ಕೊಡುತ್ತೆ. ವೋಲ್ಟೇಜ್, ಕರೆಂಟ್ ಎರಡನ್ನೂ ಅಳೆದು, ಗುಣಿಸಿ, ಕೂಡಿಸುತ್ತಾ ಹೋಗಿ ಲೆಕ್ಕವನ್ನು ವೈಫೈನಲ್ಲಿ ಕಳಿಸುತ್ತೆ. ಇಂಥ ಎಷ್ಟೋ ಉಪಕರಣಗಳ ಭಾಷೆ ಎಂಕ್ಯೂಟಿಟಿ. 1999ರಲ್ಲಿ ಅದು ಹುಟ್ಟಿದ್ದು ಮನೆಗಲ್ಲ, ತೈಲದ ಪೈಪ್‌ಲೈನ್ ಕಾಯೋಕೆ. ಉಪಗ್ರಹ ಸಂಪರ್ಕ ದುಬಾರಿ, ಅದಕ್ಕೇ ಮಾತು ಚುಟುಕು. ನಡುವೆ ಒಬ್ಬ 'ಬ್ರೋಕರ್' ಇರ್ತಾನ, ಥೇಟ್ ಬ್ಯಾಡಗಿ ದಲಾಲಿ ಅಂಗಡಿ: ಪ್ಲಗ್ ಚೀಲ ಇಳಿಸುತ್ತೆ, ಬೇಕಾದವರು ಒಯ್ತಾರ. ಆ ಅಂಗಡಿ ಬಹಳ ಸಲ ದೂರದ ಕಂಪನಿಯ ಸರ್ವರ್. ನಾವು ಎಷ್ಟೊತ್ತಿಗೆ ಗೀಸರ್ ಹಚ್ಚತೀವಿ ಅನ್ನೋದು ಅಲ್ಲಿಗೂ ಗೊತ್ತು. ಬ್ರೋಕರನ್ನು ಮನೆಯ ಸಣ್ಣ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಬಹುದು, ಇಡೋರು ಕಡಿಮೆ.

ಹೆಸ್ಕಾಂ ಬಿಲ್ ಮಾತ್ರ ಇವತ್ತಿಗೂ ಮೀಟರ್ ಹೇಳಿದ್ದಕ್ಕೇ.