ಜಾವಾದ ಜೀವ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸತೊಡಗಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ನಮ್ಮ ರಸ್ತೆಗಳಿಗೂ ಅದರ ಸದ್ದು ಬಂತು. ಆ ಜಾವಾದ ಜೀವವೆಂದರೆ 6 ವೋಲ್ಟಿನ ಬ್ಯಾಟರಿ. ಅದು ಸೋತರೆ ಪ್ಲಗ್ಗಿನಲ್ಲಿ ಕಿಡಿ ಹಾರದು. ರಾತ್ರಿ ಹಳ್ಳಿಯಿಂದ ಆಸ್ಪತ್ರೆಗೆ ಓಡಬೇಕಾದವನಿಗೆ ಅದು ಸಣ್ಣ ಮಾತಲ್ಲ.

1859ರಲ್ಲಿ ಫ್ರಾನ್ಸಿನ ಪ್ಲಾಂಟೆ ರೂಪಿಸಿದ ಸೀಸ-ಆಮ್ಲದ ವಿದ್ಯೆಯೇ ಅದರೊಳಗಿನದು. ಬಳಸದೆ ನಿಲ್ಲಿಸಿದರೂ ಚಾರ್ಜು ತಾನಾಗಿ ಇಳಿದು, ಪ್ಲೇಟುಗಳಿಗೆ ಸಲ್ಫೇಟ್ ಗಟ್ಟಿಯಾಗಿ ಹಿಡಿಯುತ್ತದೆ. ಗಡಸು ಬಾವಿನೀರು ಸುರಿದರಂತೂ ಅದರ ಲವಣ ಉಳಿದದ್ದನ್ನೂ ಕೆಡಿಸುತ್ತದೆ. ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್, ಪ್ಲೇಟು ಮುಳುಗುವಷ್ಟು. ಚಾರ್ಜಿಗೆ ಅವಸರ ಸಲ್ಲದು: 10 ಆಂಪೇರ್-ಅವರ್ ಬ್ಯಾಟರಿಗೆ 1 ಆಂಪೇರ್ ಸಾಕು. ಆಗ ಏಳುವ ಹೈಡ್ರೋಜನ್ ಕಿಡಿ ತಾಗಿದರೆ ಸಿಡಿಯುತ್ತದೆ, ಬೀಡಿ ದೂರವಿರಲಿ.

ಕಾರ್ಖಾನೆ 1996ರಲ್ಲಿ ಮುಚ್ಚಿತು. ನೀರು, ಚಾರ್ಜು ನೋಡಿಕೊಂಡವರ ಜಾವಾ ಮಾತ್ರ ಇಂದಿಗೂ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ.