ಬಂದೇನವಾಜ್ ಉರುಸು

ಕಲಬುರಗಿಯ ಖಾಜಾ ಬಂದೇನವಾಜ್ ದರ್ಗಾದಲ್ಲಿ ಪ್ರತಿವರ್ಷ ಇಸ್ಲಾಮಿ ಪಂಚಾಂಗದ ಜುಲ್‌ಕಾದಾ ತಿಂಗಳಲ್ಲಿ ನಡೆಯುವ ಉತ್ಸವ. ಚಿಸ್ತಿ ಪಂಥದ ಈ ಸೂಫಿ ಸಂತರು ದೆಹಲಿಯಿಂದ ದಖ್ಖನ್ನಿಗೆ ಬಂದು, ಬಹಮನಿ ಸುಲ್ತಾನ ಫಿರೋಜ್ ಶಾಹನ ಕಾಲದಲ್ಲಿ ಕಲಬುರಗಿಯಲ್ಲಿ ನೆಲೆಸಿ, 1422ರಲ್ಲಿ ಅಲ್ಲಿಯೇ ತೀರಿಕೊಂಡರು. ನೀಳಕೂದಲಿನವರು ಎಂಬರ್ಥದ ‘ಗೇಸುದರಾಜ್’ ಅವರ ಇನ್ನೊಂದು ಹೆಸರು. ‘ಉರುಸು’ ಅರಬ್ಬಿ ಮೂಲದ ಮಾತು, ಅರ್ಥ ಮದುವೆ. ಸಂತನ ಸಾವು ದೇವರೊಡನೆ ಮಿಲನ, ಆದ್ದರಿಂದ ಇಲ್ಲಿ ಪುಣ್ಯತಿಥಿಯೇ ಸಂಭ್ರಮ. ಮೊದಲ ದಿನ ಗಂಧದ ಮೆರವಣಿಗೆ ನಗರದಿಂದ ದರ್ಗಾಕ್ಕೆ ಸಾಗುತ್ತದೆ. ಆ ಗಂಧವನ್ನು ಗೋರಿಗೆ ಲೇಪಿಸುತ್ತಾರೆ. ಮರುದಿನ ದೀಪೋತ್ಸವ, ಕವ್ವಾಲಿ. ಹರಕೆ ಹೊತ್ತು ಸಕ್ಕರೆ, ಹೂವಿನ ಚಾದರ ತರುವವರಲ್ಲಿ ಹಿಂದೂಗಳೂ ಬಹಳ. ಚಾಂದ್ರಮಾನದ ಲೆಕ್ಕವಾದ್ದರಿಂದ ಉರುಸು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಒಮ್ಮೆ ಕಲಬುರಗಿಯ ಸುಡುಬಿಸಿಲಲ್ಲಿ, ಇನ್ನೊಮ್ಮೆ ಮಳೆಯಲ್ಲಿ.