ಗಾಜಿನ ಹಾಳೆಗಳ ನಡುವಿನ ಕಾಗದ

1979ರ ಮಳೆಗಾಲ. ಒಂದು ಸಣ್ಣ ಊರಿನ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಅಧ್ಯಾಪಕನಾಗಿದ್ದೆ. ಅಂದು ಒಂಬತ್ತನೆಯ ತರಗತಿಗೆ ಘರ್ಷಣೆಯ ಪಾಠ. ನಮ್ಮ ಪ್ರಯೋಗಶಾಲೆ ಎಂದರೆ ಒಂದು ಬೀರು, ಅಷ್ಟೆ. ಅದರಿಂದ ಕೊಕ್ಕೆ ಸಿಕ್ಕಿಸಿದ ಮರದ ತುಂಡೊಂದನ್ನೂ ಸ್ಪ್ರಿಂಗ್ ತಕ್ಕಡಿಯನ್ನೂ ತೆಗೆದು, ಮೇಜಿನ ಮೇಲೆ ತುಂಡನ್ನು ಅಗಲವಾದ ಮೈಯ ಮೇಲೆ ಒಮ್ಮೆ, ಕಿರಿದಾದ ಮೈಯ ಮೇಲೆ ಇನ್ನೊಮ್ಮೆ ಎಳೆದು ತೋರಿಸಿದೆ. ತಕ್ಕಡಿಯ ಮುಳ್ಳು ಎರಡು ಸಲವೂ ಹೆಚ್ಚುಕಡಿಮೆ ಒಂದೇ ಕಡೆ ನಿಂತಿತು. ಘರ್ಷಣೆ ತೂಕವನ್ನು ಅವಲಂಬಿಸಿದೆ, ತಾಗುವ ಮೈಯ ವಿಸ್ತೀರ್ಣವನ್ನಲ್ಲ ಎಂದು ಬರೆಸಿದೆ. ಕಾರಣವನ್ನೂ ಬರೆಸಿದೆ: ಎಷ್ಟೇ ನುಣುಪಾಗಿ ಕಂಡರೂ ಪ್ರತಿಯೊಂದು ಮೇಲ್ಮೈಯಲ್ಲೂ ಸೂಕ್ಷ್ಮವಾದ ತಗ್ಗುದಿಣ್ಣೆಗಳಿವೆ. ಗರಗಸದ ಹಲ್ಲುಗಳಂತೆ ಅವು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಆದ್ದರಿಂದ ಮೇಲ್ಮೈ ನುಣುಪಾದಷ್ಟೂ ಘರ್ಷಣೆ ಕಡಿಮೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಅವನ ತಂದೆಗೆ ಪೇಟೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಿತ್ತು.

"ಸಾರ್, ನುಣುಪಾದಷ್ಟೂ ಘರ್ಷಣೆ ಕಮ್ಮಿ ಅಂದ್ರಿ. ನಮ್ಮ ಅಂಗಡೀಲಿ ಹೊಸ ಗಾಜು ಒಂದರ ಮೇಲೊಂದು ಇಟ್ರೆ ಜಾರೋದೇ ಇಲ್ಲ, ಕಚ್ಕೊಂಡುಬಿಡುತ್ತೆ. ಅದಕ್ಕೇ ಅಪ್ಪ ನಡುವೆ ಪೇಪರ್ ಇಡ್ತಾರೆ. ಗಾಜಿಗಿಂತ ನುಣುಪು ಯಾವುದಿದೆ ಸಾರ್?"

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. "ಅದು ಬೇರೆ ವಿಷಯ ಕಣೋ. ಪರೀಕ್ಷೆಗೆ ಪುಸ್ತಕದಲ್ಲಿರೋದೇ ಬರೀಬೇಕು. ಬರೆದುಕೋ" ಎಂದೆ. ಅವನು ಕುಳಿತು ಬರೆದುಕೊಂಡ.

ನಿವೃತ್ತನಾದ ಮೇಲೆ ಬಿಡುವಾಗಿ ಓದತೊಡಗಿದಾಗ ಆ ಪ್ರಶ್ನೆ ಮತ್ತೆ ನೆನಪಾಯಿತು. ಅದರ ಬೆನ್ನು ಹತ್ತಿ ಹೋದವನಿಗೆ ತಿಳಿದದ್ದೇನೆಂದರೆ, ಅಂದು ನಾನು ಬರೆಸಿದ ನಿಯಮವೇನೋ ಸರಿ, ಕಾರಣ ಮಾತ್ರ ತಪ್ಪು. ಈ ತಪ್ಪಿನ ಇತಿಹಾಸ ಬಹಳ ದೊಡ್ಡವರ ಮನೆತನದ್ದು.

ಘರ್ಷಣೆಯ ಅನುಭವ ಮನುಷ್ಯನಿಗೆ ಹೊಸದಲ್ಲ. ಈಜಿಪ್ಟಿನ ದೇರ್ ಎಲ್-ಬರ್ಷಾದಲ್ಲಿರುವ ಜೆಹುತಿಹೋತೆಪ್ ಎಂಬ ಅಧಿಕಾರಿಯ ಸಮಾಧಿಯಲ್ಲಿ ಸುಮಾರು 3,900 ವರ್ಷ ಹಳೆಯದಾದ ಒಂದು ಚಿತ್ರವಿತ್ತು. ಭಾರಿ ವಿಗ್ರಹವೊಂದನ್ನು ಜಾರುಬಂಡಿಯ ಮೇಲಿಟ್ಟು ಸಾಲುಸಾಲು ಆಳುಗಳು ಹಗ್ಗ ಹಿಡಿದು ಎಳೆಯುತ್ತಿದ್ದಾರೆ. ಬಂಡಿಯ ಮೂತಿಯ ಬಳಿ ನಿಂತ ಒಬ್ಬಾತ ಮುಂದಿನ ಮರಳಿನ ಮೇಲೆ ಕೊಡದಿಂದ ನೀರು ಸುರಿಯುತ್ತಿದ್ದಾನೆ. ಇದು ಯಾವುದೋ ಪೂಜಾವಿಧಿ ಇರಬೇಕೆಂದು ಭಾವಿಸಿದವರೂ ಇದ್ದರು. 2014ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಮರಳಿನ ಮೇಲೆ ಸಣ್ಣ ಜಾರುಬಂಡಿಯನ್ನು ಎಳೆದು ನೋಡಿದರು. ಸರಿಯಾದ ಪ್ರಮಾಣದಲ್ಲಿ ನೀರು ಬೆರೆತ ಮರಳು ಗಟ್ಟಿಯಾಗಿ, ಬಂಡಿಯ ಮುಂದೆ ಗುಡ್ಡೆ ಕಟ್ಟದೆ, ಎಳೆಯುವ ಬಲ ಸುಮಾರು ಅರ್ಧಕ್ಕೆ ಇಳಿಯಿತು. ನಮ್ಮ ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದವನಿಗೂ ಈ ಆಳಿಗೂ ಸಿದ್ಧಾಂತ ಬೇಕಿರಲಿಲ್ಲ.

ಸಿದ್ಧಾಂತ ಬೇಕೆನ್ನಿಸಿದವರಿಗೆ ಘರ್ಷಣೆ ಬಹುಕಾಲ ಕಣ್ಣಿಗೆ ಮಣ್ಣೆರಚಿತು. ಎತ್ತುಗಳು ನಿಂತರೆ ಗಾಡಿಯೂ ನಿಲ್ಲುತ್ತದೆ. ಆದ್ದರಿಂದ ಚಲನೆ ಮುಂದುವರಿಯಬೇಕಾದರೆ ತಳ್ಳುವವನೊಬ್ಬ ಇರಲೇಬೇಕು ಎಂದು ಅರಿಸ್ಟಾಟಲ್ ತಿಳಿದ. ಗಾಡಿಯನ್ನು ನಿಲ್ಲಿಸುತ್ತಿರುವುದು ಅದರ ಸ್ವಭಾವವಲ್ಲ, ಘರ್ಷಣೆ ಎಂಬ ಬೇರೊಂದು ಬಲ ಎಂದು ಬೇರ್ಪಡಿಸಿ ನೋಡಲು ಹದಿನೇಳನೆಯ ಶತಮಾನದ ಗೆಲಿಲಿಯೋವರೆಗೆ ಕಾಯಬೇಕಾಯಿತು.

ಅದಕ್ಕೂ ಮೊದಲೇ ಘರ್ಷಣೆಯನ್ನು ಅಳೆದವನು ಲಿಯೊನಾರ್ಡೊ ಡ ವಿಂಚಿ. ಮೇಜಿನ ಮೇಲೆ ಮರದ ತುಂಡು, ಅದಕ್ಕೆ ಕಟ್ಟಿದ ದಾರ, ರಾಟೆಯ ಮೇಲೆ ಹಾದು ಕೆಳಗೆ ತೂಗುವ ತೂಕ: ನಮ್ಮ ಶಾಲೆಯ ಬೀರುವಿನಲ್ಲಿದ್ದ ಸಾಮಗ್ರಿಯೇ. ಘರ್ಷಣೆ ತೂಕಕ್ಕೆ ಅನುಗುಣವಾಗಿದೆ, ತಾಗುವ ವಿಸ್ತೀರ್ಣಕ್ಕಲ್ಲ ಎಂಬ ಎರಡೂ ನಿಯಮಗಳನ್ನು ಆತ ಕಂಡುಕೊಂಡಿದ್ದ. ಆದರೆ ಪ್ರಕಟಿಸಲಿಲ್ಲ. ಟಿಪ್ಪಣಿ ಪುಸ್ತಕಗಳಲ್ಲಿ ತನ್ನ ಕನ್ನಡಿ ಬರಹದಲ್ಲಿ ಬರೆದಿಟ್ಟು ಹೋದ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿರುವ ಒಂದು ಪುಟ್ಟ ಪುಸ್ತಕದ ಹಾಳೆಯಲ್ಲಿ ಮುದುಕಿಯೊಬ್ಬಳ ಮಸುಕಾದ ಚಿತ್ರವಿದೆ. 1920ರ ದಶಕದಲ್ಲಿ ಕಲಾಪಂಡಿತರ ಗಮನ ಹೋದದ್ದು ಆಕೆಯ ಕಡೆಗೆ. ಅದರ ಕೆಳಗಿನ ಕೆಂಪು ಸೀಮೆಸುಣ್ಣದ ಗೀಚುಗಳು ಅವರಿಗೆ ಅಪ್ರಸ್ತುತವೆನಿಸಿದವು. ಆ ಗೀಚುಗಳು ಘರ್ಷಣೆಯ ನಿಯಮಗಳ ಅತ್ಯಂತ ಹಳೆಯ ದಾಖಲೆ, ಕಾಲ 1493 ಎಂದು ಕೇಂಬ್ರಿಜ್‌ನ ಇಯಾನ್ ಹಚಿಂಗ್ಸ್ 2016ರಲ್ಲಿ ತೋರಿಸಿಕೊಟ್ಟರು.

ಹೀಗಾಗಿ ನಿಯಮಗಳಿಗೆ ಅಂಟಿಕೊಂಡ ಹೆಸರು ಫ್ರಾನ್ಸಿನ ಗಿಯೋಮ್ ಅಮೊಂತೋನದು. ಬಾಲ್ಯದಲ್ಲಿಯೇ ಕಿವುಡನಾದ ಈತ 1699ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಅದೇ ಎರಡು ನಿಯಮಗಳನ್ನಿಟ್ಟ. ಮರ, ಕಬ್ಬಿಣ, ತಾಮ್ರ, ಸೀಸ ಯಾವುದಾದರೂ ಸರಿ, ಘರ್ಷಣೆ ತೂಕದ ಮೂರನೇ ಒಂದು ಭಾಗ ಎಂದ. (ಎಲ್ಲದಕ್ಕೂ ಹಂದಿಯ ಕೊಬ್ಬನ್ನು ಸವರಿಯೇ ಎಳೆದಿದ್ದನೆಂಬುದನ್ನು ನೆನೆದರೆ, ಎಲ್ಲವೂ ಒಂದೇ ಆಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.) ವಿಸ್ತೀರ್ಣದ ಮಾತನ್ನು ಅಕಾಡೆಮಿಯವರು ಸುಲಭಕ್ಕೆ ನಂಬಲಿಲ್ಲ. ಮತ್ತೊಬ್ಬ ಸದಸ್ಯ ಪ್ರಯೋಗಗಳನ್ನು ಪುನಃ ಮಾಡಿ ಖಚಿತಪಡಿಸಬೇಕಾಯಿತು. ಕಾರಣವನ್ನು ಅಮೊಂತೋನ್ ಮೇಲ್ಮೈಗಳ ಒರಟುತನದಲ್ಲಿ ಕಂಡ. ಮೇಲಿನ ವಸ್ತು ಕೆಳಗಿನ ಉಬ್ಬುಗಳನ್ನು ಹತ್ತಿ ದಾಟಬೇಕು, ಅದಕ್ಕೇ ಬಲ ಬೇಕು. ನಾನು ಹಲಗೆಯ ಮೇಲೆ ಬರೆದದ್ದು ಇದನ್ನೇ.

ಇಂಗ್ಲೆಂಡಿನ ದೆಸಗುಲಿಯೇ ಎಂಬುವನು 1720ರ ದಶಕದಲ್ಲಿ ಬೇರೆಯದೇ ಒಂದು ದೃಶ್ಯ ತೋರಿಸಿದ. ಎರಡು ಸೀಸದ ಗುಂಡುಗಳ ಬದಿಯನ್ನು ಸ್ವಲ್ಪ ಸ್ವಲ್ಪ ಕತ್ತರಿಸಿ, ಕತ್ತರಿಸಿದ ಮುಖಗಳನ್ನು ಒತ್ತಿ ತಿರುಚಿದರೆ ಗುಂಡುಗಳು ಅಂಟಿಕೊಳ್ಳುತ್ತಿದ್ದವು. ಬಿಡಿಸಲು ಸಾಕಷ್ಟು ತೂಕವನ್ನೇ ತೂಗುಹಾಕಬೇಕಿತ್ತು. ಮೈಯನ್ನು ಅತಿಯಾಗಿ ನುಣುಪು ಮಾಡಿದರೆ ಘರ್ಷಣೆ ಕಡಿಮೆಯಾಗುವ ಬದಲು ಹೆಚ್ಚಬಹುದು ಎಂಬ ಅನುಮಾನ ಅವನಿಗೆ ಬಂತು. ಕಟ್ಟು ಹಾಕುವವರ ಹುಡುಗನ ಪ್ರಶ್ನೆಯೂ ಇದೇ ಅಲ್ಲವೆ? ಆದರೆ ಆ ಅನುಮಾನ ಮುಂದೆ ಬೆಳೆಯಲಿಲ್ಲ.

ಬೆಳೆಯದಂತೆ ತಡೆದವರಲ್ಲಿ ಪ್ರಮುಖನೆಂದರೆ ಕೂಲಂಬ್, ವಿದ್ಯುದಾವೇಶದ ನಿಯಮದಿಂದ ನಮ್ಮ ಮಕ್ಕಳಿಗೆಲ್ಲ ಪರಿಚಿತನಾದವನೇ. ವೃತ್ತಿಯಿಂದ ಸೇನೆಯ ಎಂಜಿನಿಯರ್. ವೆಸ್ಟ್ ಇಂಡೀಸಿನ ಮಾರ್ಟಿನೀಕ್ ದ್ವೀಪದಲ್ಲಿ ಕೋಟೆ ಕಟ್ಟಿಸಿ ಆರೋಗ್ಯ ಕೆಡಿಸಿಕೊಂಡು ಮರಳಿದವನು ರೋಶ್‌ಫೋರ್ ಬಂದರಿನ ಹಡಗುಕಟ್ಟೆಯಲ್ಲಿ ಭಾರವಾದ ತೊಲೆಗಳನ್ನು ಎಳೆಸಿ ಘರ್ಷಣೆಯನ್ನು ಅಳೆದ. ಹಡಗನ್ನು ನೀರಿಗಿಳಿಸುವವರಿಗೆ ಇದು ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಆ ಪ್ರಬಂಧಕ್ಕೆ 1781ರಲ್ಲಿ ಅಕಾಡೆಮಿಯ ಬಹುಮಾನ ಬಂತು. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ ಅದು ನಿಂತಷ್ಟು ಹೊತ್ತೂ ಬೆಳೆಯುತ್ತದೆ, ಒಮ್ಮೆ ಜಾರತೊಡಗಿದ ಮೇಲೆ ವೇಗವನ್ನು ಅಷ್ಟಾಗಿ ಅವಲಂಬಿಸುವುದಿಲ್ಲ ಎಂಬ ಸೂಕ್ಷ್ಮಗಳನ್ನೆಲ್ಲ ಆತ ಗುರುತಿಸಿದ.

ಇಲ್ಲಿಯೇ ಕಥೆಯ ತಿರುವು. ಮೇಲ್ಮೈಗಳು ಪರಸ್ಪರ ಅಂಟಿಕೊಳ್ಳುವುದರಿಂದ ಘರ್ಷಣೆ ಹುಟ್ಟಬಹುದೇ ಎಂದು ಕೂಲಂಬ್ ಯೋಚಿಸಿದ್ದ. ಯೋಚಿಸಿ ತಳ್ಳಿಹಾಕಿದ. ಅವನ ತರ್ಕ ಹೀಗೆ: ಅಂಟು ಕಾರಣವಾಗಿದ್ದರೆ ಅಗಲವಾದ ಮೈ ಹೆಚ್ಚು ಅಂಟಿಕೊಳ್ಳಬೇಕು. ಘರ್ಷಣೆ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ. ಆದ್ದರಿಂದ ಅಂಟು ಮುಖ್ಯ ಕಾರಣವಲ್ಲ. ಎಷ್ಟು ನೇರವಾದ ತರ್ಕ! ನಾನಂತೂ ಇದನ್ನು ಮೊದಲು ಓದಿದಾಗ ದೋಷ ಎಲ್ಲಿದೆಯೆಂದು ಬಹಳ ಹೊತ್ತು ಹುಡುಕಿದೆ.

1804ರಲ್ಲಿ ಸ್ಕಾಟ್ಲೆಂಡಿನ ಜಾನ್ ಲೆಸ್ಲಿ ಹಲ್ಲುಗಳ ಸಿದ್ಧಾಂತಕ್ಕೆ ಸರಿಯಾದ ಪೆಟ್ಟು ಕೊಟ್ಟಿದ್ದ. ಉಬ್ಬನ್ನು ಹತ್ತಲು ಬಲ ಬೇಕು, ನಿಜ. ಆದರೆ ಹತ್ತಿದ ಮೇಲೆ ಇಳಿಯುವುದೂ ಇದೆಯಲ್ಲ? ಇಳಿಯುವಾಗ ಆ ಶ್ರಮ ಮರಳಿ ಬರಬೇಕು. ಹಾಗಿದ್ದರೆ ನಷ್ಟವೆಲ್ಲಿ? ಚಳಿಯಲ್ಲಿ ಅಂಗೈ ಉಜ್ಜಿದಾಗ ಬಿಸಿಯಾಗುವುದು ಹೇಗೆ? ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಆದರೂ ಪಠ್ಯಪುಸ್ತಕಗಳಲ್ಲಿ ಹಲ್ಲುಗಳು ಹಾಗೆಯೇ ಉಳಿದವು.

ಕೂಲಂಬನ ತರ್ಕದ ದೋಷವನ್ನು ಹಿಡಿದುಕೊಟ್ಟವರು ಕೇಂಬ್ರಿಜ್‌ನ ಫಿಲಿಪ್ ಬೌಡನ್ ಮತ್ತು ಡೇವಿಡ್ ಟೇಬರ್. 1939ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಒಂದಕ್ಕೊಂದು ತಾಗಿಕೊಂಡ ಲೋಹದ ತುಂಡುಗಳ ಮೂಲಕ ವಿದ್ಯುತ್ತನ್ನು ಹರಿಸಿ, ಎದುರಾದ ತಡೆಯಿಂದ ಅವು ನಿಜವಾಗಿ ಎಷ್ಟು ಜಾಗದಲ್ಲಿ ತಾಗಿವೆಯೆಂದು ಲೆಕ್ಕ ಹಾಕಿದರು. ನಮ್ಮ ಕಣ್ಣಿಗೆ ಪೂರ್ತಿ ಕೂಡಿಕೊಂಡಂತೆ ಕಾಣುವ ಎರಡು ಮೈಗಳು ಬೆರಳೆಣಿಕೆಯಂಥ ಕೆಲವೇ ತುದಿಗಳಲ್ಲಿ ತಾಗುತ್ತವೆ. ಒಂದು ಪರ್ವತಶ್ರೇಣಿಯನ್ನು ಬೋರಲು ಹಾಕಿ ಇನ್ನೊಂದರ ಮೇಲಿಟ್ಟಂತೆ ಎಂದು ಬೌಡನ್ ಹೋಲಿಸುತ್ತಿದ್ದರಂತೆ. ಸಹ್ಯಾದ್ರಿಯನ್ನು ಮಗುಚಿ ನೀಲಗಿರಿಯ ಮೇಲಿಟ್ಟರೆ ಎಷ್ಟು ಶಿಖರಗಳು ತಾಗಿಯಾವು, ಊಹಿಸಿಕೊಳ್ಳಿ. 10 ಕಿಲೋ ತೂಕದ ಸಾಧಾರಣ ಉಕ್ಕಿನ ತುಂಡು ಉಕ್ಕಿನ ಹಲಗೆಯ ಮೇಲೆ ಕುಳಿತಾಗ ನಿಜವಾಗಿ ತಾಗುವ ಜಾಗ ಸುಮಾರು 0.1 ಚದರ ಮಿಲಿಮೀಟರ್ ಮಾತ್ರ. ಇಡೀ ಭಾರ ಆ ತುದಿಗಳ ಮೇಲೆಯೇ ಬಿದ್ದು ಅವು ಜಜ್ಜಿಹೋಗುತ್ತವೆ. ಭಾರವನ್ನು ಹೊರಲು ಸಾಕಾಗುವಷ್ಟು ಜಾಗ ದೊರೆಯುವವರೆಗೆ ಚಪ್ಪಟೆಯಾಗಿ ಅಲ್ಲಿಗೆ ನಿಲ್ಲುತ್ತವೆ. ಜಜ್ಜಿದೆಡೆಯಲ್ಲಿ ಎರಡೂ ಲೋಹಗಳ ಪರಮಾಣುಗಳು ಬೆಸೆದುಕೊಳ್ಳುತ್ತವೆ. ಆ ಬೆಸುಗೆಗಳನ್ನು ಹರಿಯುತ್ತ ಸಾಗಲು ಬೇಕಾದ ಬಲವೇ ಬಹುಮಟ್ಟಿಗೆ ಘರ್ಷಣೆ. ಹರಿಯುವ ಶ್ರಮವೆಲ್ಲ ಶಾಖವಾಗುತ್ತದೆ. ಲೆಸ್ಲಿಯ ಲೆಕ್ಕ ಇಲ್ಲಿ ಚುಕ್ತಾ.

ಈಗ ನನ್ನ ಮರದ ತುಂಡಿಗೆ ಬನ್ನಿ. ಅಗಲವಾದ ಮೈಯಲ್ಲಿ ತಾಗುವ ತುದಿಗಳು ಹೆಚ್ಚು, ಒಂದೊಂದರ ಪಾಲಿನ ಭಾರ ಕಡಿಮೆ. ಕಿರಿದಾದ ಮೈಯಲ್ಲಿ ತುದಿಗಳು ಕಡಿಮೆ, ಒಂದೊಂದೂ ಹೆಚ್ಚು ಜಜ್ಜುತ್ತದೆ. ನಿಜವಾಗಿ ತಾಗುವ ಒಟ್ಟು ಜಾಗ ಎರಡರಲ್ಲೂ ಅಷ್ಟೇ. ಅದನ್ನು ನಿರ್ಧರಿಸುವುದು ತೂಕ. ಘರ್ಷಣೆ ವಿಸ್ತೀರ್ಣವನ್ನೇ ಅವಲಂಬಿಸಿದೆ, ಆದರೆ ಕೂಲಂಬ್ ಅಳೆದ ವಿಸ್ತೀರ್ಣವನ್ನಲ್ಲ.

ಹೀಗಿದ್ದರೆ ಮೇಜಿನ ಮೇಲಿಟ್ಟ ಲೋಟ ಅಲ್ಲೇ ಬೆಸೆದುಕೊಳ್ಳುವುದಿಲ್ಲವೇಕೆ ಎಂದು ನೀವು ಕೇಳಬಹುದು. ಭಾರ ತೆಗೆದೊಡನೆ ಜಜ್ಜಿದ ತುದಿಗಳು ತುಸು ಸೆಟೆದು ಬೆಸುಗೆಗಳು ಬಿಟ್ಟುಕೊಳ್ಳುತ್ತವೆ. ಇದಲ್ಲದೆ ಗಾಳಿ, ತೇವ, ತುಕ್ಕು, ಜಿಡ್ಡು ಇವುಗಳ ತೆಳುಪರೆ ಎಲ್ಲ ಮೈಗಳನ್ನೂ ಆವರಿಸಿ ನಮ್ಮನ್ನು ಕಾಪಾಡುತ್ತಿದೆ. ಬೌಡನ್ನರ ಪ್ರಯೋಗಶಾಲೆಯಲ್ಲಿ ನಿರ್ವಾತದಲ್ಲಿ ಲೋಹಗಳನ್ನು ಶುದ್ಧಗೊಳಿಸಿ ತಾಗಿಸಿದಾಗ ಘರ್ಷಣೆ ವಿಪರೀತ ಏರಿತು. ಗುರುಗ್ರಹದತ್ತ ಹೊರಟಿದ್ದ 'ಗೆಲಿಲಿಯೋ' ನೌಕೆಯ ದೊಡ್ಡ ಆಂಟೆನಾ 1991ರಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳದೆ ಹೋಯಿತು. ಉಡಾವಣೆಗೆ ಮುಂಚಿನ ಲಾರಿ ಪ್ರಯಾಣಗಳಲ್ಲಿ ಕಡ್ಡಿಗಳ ಗೂಟಗಳಿಗೆ ಸವರಿದ್ದ ಒಣ ಕೀಲೆಣ್ಣೆ ಉಜ್ಜಿಹೋಗಿ, ಅವು ಕಚ್ಚಿಕೊಂಡವೆಂದು ಎಂಜಿನಿಯರುಗಳು ತೀರ್ಮಾನಿಸಿದರು. ಘರ್ಷಣೆಯಿಲ್ಲದ ಚಲನೆಯನ್ನು ಕಲ್ಪಿಸಿಕೊಂಡವನ ಹೆಸರಿನ ನೌಕೆಗೇ ಹೀಗಾಗಬೇಕೆ!

ಗಾಜಿನ ಹಾಳೆಗಳ ವಿಷಯ ಇನ್ನೂ ಸ್ವಲ್ಪ ಜಟಿಲ. ಅವು ಕಚ್ಚಿಕೊಳ್ಳುವಲ್ಲಿ ನಡುವಿನ ತೇವಕ್ಕೂ ಹೊರಗಿನ ಗಾಳಿಯ ಒತ್ತಡಕ್ಕೂ ಪಾಲುಂಟು. ಆದರೆ ನುಣುಪಾದ, ಸಮತಟ್ಟಾದ ಮೈಗಳು ಹೆಚ್ಚು ಹತ್ತಿರ ಬರುತ್ತವೆ, ಆದ್ದರಿಂದಲೇ ಹೆಚ್ಚು ಹಿಡಿಯುತ್ತವೆ ಎಂಬಷ್ಟರ ಮಟ್ಟಿಗೆ ಹುಡುಗ ಸರಿ, ನಾನು ತಪ್ಪು. ಬೌಡನ್ ಮತ್ತು ಟೇಬರರ ಪುಸ್ತಕ ಪ್ರಕಟವಾದದ್ದು 1950ರಲ್ಲಿ. ನಾನು "ಬರೆದುಕೋ" ಎಂದ ದಿನಕ್ಕೆ ಅದಕ್ಕೆ 29 ವರ್ಷ ವಯಸ್ಸಾಗಿತ್ತು.

ಕೆಲವು ವರ್ಷಗಳ ಹಿಂದೆ ನಮ್ಮ ತಂದೆಯವರ ಹಳೆಯ ಭಾವಚಿತ್ರಕ್ಕೆ ಹೊಸ ಕಟ್ಟು ಹಾಕಿಸಲು ಆ ಊರಿಗೇ ಹೋದೆ. ಹತ್ತಿರದಲ್ಲಿ ಅಂಗಡಿಗಳಿರಲಿಲ್ಲವೆಂದಲ್ಲ. ತಲೆ ನರೆತಿದ್ದರೂ ಅವನೇ ಎಂದು ಗುರುತು ಹಿಡಿದೆ. ಗೋಡೆಗೆ ಒರಗಿಸಿದ್ದ ಗಾಜುಗಳ ನಡುವೆ ಹಳೆಯ ದಿನಪತ್ರಿಕೆಯ ತುಂಡುಗಳಿದ್ದವು. ಕುಳಿತುಕೊಂಡು ಬೆಸುಗೆಯ ಕಥೆಯನ್ನೆಲ್ಲ ಹೇಳಿದೆ, ಅಂದು ನಾನು ಬರೆಸಿದ್ದು ತಪ್ಪೆಂದೂ ಹೇಳಿದೆ. ಅವನು ಅಳತೆಪಟ್ಟಿ ಹಿಡಿದು ಗಾಜಿನ ಮೇಲೆ ವಜ್ರದ ಮೊನೆಯಿಂದ ಗೆರೆ ಎಳೆಯುತ್ತ ಪೂರ್ತಿ ಕೇಳಿದ.

"ಆವತ್ತು ನೀವು ಹೇಳಿದ್ದನ್ನೇ ಪರೀಕ್ಷೇಲಿ ಬರೆದೆ ಸಾರ್" ಎಂದ. "ಪೂರ್ತಿ ಮಾರ್ಕ್ಸ್ ಕೊಟ್ಟಿದ್ರಿ."

ಹಾಗೆಂದು ಗಾಜನ್ನು ಗೆರೆಯಗುಂಟ ಮುರಿದು, ಉಳಿದ ತುಂಡನ್ನು ಸಾಲಿನಲ್ಲಿಡುವ ಮುನ್ನ ನಡುವೆ ಒಂದು ಕಾಗದ ಸೇರಿಸಿದ.